ಹಿಡಿಕೆಯಿಲ್ಲದ ಮನೆ

ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ಮನೆ ಕಟ್ಟಿದವರಿಗೆ, ಆ ಮನೆಯಲ್ಲಿ ವಾಸ ಮಾಡುತ್ತಿರುವವಳ ನಮಸ್ಕಾರಗಳು.

ನಿಮ್ಮ ಪತ್ರ ಮೊನ್ನೆ ಕೈಸೇರಿತು. ನಾವಿಬ್ಬರೂ ಕ್ಷೇಮ. ನಾವಿಬ್ಬರು ಎಂದರೆ ನಾನು ಮತ್ತು ನಿಮ್ಮ ಅಮ್ಮ. ನೀವು ಮನೆ ಬಿಟ್ಟು ಬೇರೆ ಊರಿನ ಕಚೇರಿಗೆ ಹೋಗಿ, ಅಲ್ಲೇ ರೂಮು ಹಿಡಿದು ಕೂತ ಮೇಲೆ ಈ ಮನೆಯ ಜನಸಂಖ್ಯೆ ಅಷ್ಟೇ. ಪತ್ರದ ಮೊದಲ ಸಾಲಿನಲ್ಲಿ ನಮ್ಮ ಕ್ಷೇಮ ಕೇಳಿ, ಉಳಿದ ಪುಟಗಳಲ್ಲೆಲ್ಲ ಗೋಡೆಯ ಕ್ಷೇಮ ವಿಚಾರಿಸಿದ್ದೀರಿ. ಗೋಡೆಯೂ ಚೆನ್ನಾಗಿದೆ.

ನಿಮ್ಮ ಕೋರಿಕೆ ಅರ್ಥವಾಯಿತು. ನೀವು ವಿನ್ಯಾಸ ಮಾಡಿದ ಈ ಮನೆ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದಿದೆ. ಮುಂದಿನ ತಿಂಗಳು ತೀರ್ಪುಗಾರರು ಖುದ್ದಾಗಿ ನೋಡಲು ಬರುತ್ತಾರೆ. ಅಷ್ಟರೊಳಗೆ ನಾನು ಕಪಾಟುಗಳಿಗೆ ಹಾಕಿಸಿದ ಹಿಡಿಕೆಗಳನ್ನೆಲ್ಲ ತೆಗೆಸಬೇಕು. ಉದ್ದ ಗೋಡೆಗೆ ಹಿಡಿದು ನಡೆಯಲು ಹಾಕಿಸಿದ ಕಂಬಿ ಕೀಳಿಸಿ, ತೂತು ಮುಚ್ಚಿಸಿ, ಬಿಳಿ ಬಣ್ಣ ಬಳಿಸಬೇಕು. ಹಜಾರದಲ್ಲಿ ಮಾಡಿಸಿದ ಇಳಿಜಾರು ಒಡೆಸಿ ಮೆಟ್ಟಿಲನ್ನು ಮೊದಲಿನಂತೆ ಮಾಡಿಸಬೇಕು. ಅಮ್ಮನನ್ನು ನಾಲ್ಕು ದಿನದ ಮಟ್ಟಿಗೆ ನಿಮ್ಮ ತಂಗಿಯ ಮನೆಗೆ ಕಳಿಸಬೇಕು. ಹೇಗೂ ಅವರು ಬಿದ್ದು ಕೈ ಮುರಿದುಕೊಂಡಿದ್ದಾರೆ, ನನ್ನ ಹಿಡಿಕೆ-ಕಂಬಿಗಳಿಂದ ಏನು ಸಾಧಿಸಿದಂತಾಯಿತು, ತಂಗಿಯ ಮನೆಗೆ ಒಗ್ಗಿಕೊಂಡರೆ ಅಲ್ಲೇ ಇರಲಿ ಎಂದು ಕೊನೆಯಲ್ಲಿ ಮೆಲ್ಲಗೆ ಸೇರಿಸಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಸೆ ಇಟ್ಟುಕೊಂಡು ಪೂರ್ತಿ ಓದುತ್ತೀರಿ. ಆಗುವುದಿಲ್ಲ. ಒಂದು ಹಿಡಿಕೆಯನ್ನೂ ತೆಗೆಸುವುದಿಲ್ಲ, ಒಂದು ಮೊಳೆಯನ್ನೂ ಕೀಳಿಸುವುದಿಲ್ಲ, ಅತ್ತೆ ಎಲ್ಲಿಗೂ ಹೋಗುವುದಿಲ್ಲ. ಇದು ನಮ್ಮಿಬ್ಬರ ಒಟ್ಟು ತೀರ್ಮಾನ. ಮುಂದಿನದೆಲ್ಲ ನನ್ನ ಸಮಾಧಾನಕ್ಕೆ ಬರೆಯುತ್ತಿರುವುದು. ಇವತ್ತು ರಜೆ ಹಾಕಿದ್ದೇನೆ, ಪುರುಸೊತ್ತಿದೆ, ಹೊಟ್ಟೆಯಲ್ಲಿ ಸಿಟ್ಟೂ ಸಾಕಷ್ಟಿದೆ.

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಅವರು ಊಟದ ಮೇಜಿನ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು. ಬಲಗೈ ಪ್ಲಾಸ್ಟರಿನಲ್ಲಿದೆ, ಆದರೂ ಎಡಗೈಯಲ್ಲೇ ಸುಲಿಯುತ್ತಾರೆ, ಸುಮ್ಮನೆ ಕೂತಿರಿ ಅಂದರೆ ನನ್ನ ಮೇಲೆಯೇ ರೇಗುತ್ತಾರೆ. ನಾಲ್ಕು ದಿನ ಅನ್ನುವ ಮಾತು ಬಂದಾಗ ಕೈ ನಿಂತಿತು. ನಾಲ್ಕು ದಿನಕ್ಕೆ ಅಂತ ರಿಪೇರಿಗೆ ಹೋದ ನನ್ನ ಹಳೆ ಸೋಫಾ ಇನ್ನೂ ವಾಪಸ್ ಬಂದಿಲ್ಲ, ನನ್ನನ್ನೂ ಅದೇ ಗಾಡಿಗೆ ಹತ್ತಿಸ್ತಾನಂತಾ ಅಂದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು, ಆಮೇಲೆ ಬಟಾಣಿಯನ್ನು ಪಕ್ಕಕ್ಕೆ ಸರಿಸಿದರು. ಮಗಳ ಮನೆಯಲ್ಲಿ ಪ್ರೀತಿಗೇನೂ ಕಮ್ಮಿ ಇಲ್ಲ ಕಣೆ, ಅಲ್ಲಿ ನನ್ನ ಕೂರಿಸ್ತಾರೆ, ಏಳಿಸ್ತಾರೆ, ಮಲಗಿಸ್ತಾರೆ, ನಾನಾಗಿ ಒಂದು ಲೋಟ ನೀರು ತಗೊಂಡು ಕುಡಿಯೋ ಹಾಗಿಲ್ಲ, ಹೋದರೆ ನಾನು ಅಲ್ಲಿಂದ ಎದ್ದು ಬರಲ್ಲ ಅಂತ ನನಗೆ ಗೊತ್ತು ಅಂದರು. ಇಲ್ಲಿಂದ ನಿಮ್ಮನ್ನ ಯಾರು ಕದಲಿಸ್ತಾರೋ ನೋಡೇಬಿಡ್ತೀನಿ ಅಂತ ಅಂದೆ. ಆ ಮಾತಿಗೆ ಈಗಲೂ ಬದ್ಧಳಾಗಿದ್ದೇನೆ.

ಅವರು ಹೇಗೆ ಬಿದ್ದರು ಎನ್ನುವುದನ್ನು ಈ ಪತ್ರದಲ್ಲಿ ಬರೆಯುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ಆ ವಿಷಯ ಬಿಟ್ಟು ಉಳಿದದ್ದು ಬರೆಯುತ್ತೇನೆ.

ಹಿಡಿಕೆಗಳಿಂದ ಶುರು ಮಾಡೋಣ, ನಿಮಗೆ ಹೆಚ್ಚು ನೋವಾಗಿರುವುದು ಅಲ್ಲೇ. ಅಡುಗೆಮನೆಯ ಕಪಾಟುಗಳಿಗೆ ನೀವು ಹಿಡಿಕೆಯನ್ನೇ ಇಡಿಸಲಿಲ್ಲ. ಒತ್ತಿದರೆ ತೆರೆದುಕೊಳ್ಳುತ್ತದೆ, ನೋಡುವವರಿಗೆ ಒಂದೇ ಸಮನಾದ ಬಿಳಿ ಹಲಗೆ ಕಾಣಬೇಕು ಅಂದಿರಿ. ಕಣ್ಣು ನೆಟ್ಟಗಿದ್ದವರಿಗೇ ಯಾವುದು ಬಾಗಿಲು, ಯಾವುದು ಗೋಡೆ ಎಂದು ತಿಳಿಯುತ್ತಿರಲಿಲ್ಲ. ಮೊದಲ ಸಲ ಊಟಕ್ಕೆ ಬಂದ ನಿಮ್ಮ ಗೆಳೆಯರೊಬ್ಬರು ಲೋಟ ಹುಡುಕುತ್ತ ಫ್ರಿಜ್ಜಿನ ಪಕ್ಕದ ಗೋಡೆಯನ್ನು ತಳ್ಳುತ್ತಾ ನಿಂತಿದ್ದು ನೆನಪಿದೆಯಾ? ಕೊನೆಗೆ ಪಾಪ ಅವರೇ ಕ್ಷಮೆ ಕೇಳಿದರು.

ಅತ್ತೆಯ ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದು ನಿಮ್ಮ ಎದುರಿಗೇ. ಬೆಳಕು, ನೆರಳು ತಿಳಿಯುತ್ತದೆ. ಕಪ್ಪಿನ ಪಕ್ಕ ಬಿಳಿ ಇಟ್ಟರೆ ತಿಳಿಯುತ್ತದೆ. ಬಿಳಿಯ ಮೇಲೆ ಬಿಳಿ ಇಟ್ಟರೆ ಅವರ ಪಾಲಿಗೆ ಅಲ್ಲಿ ಏನೂ ಇಲ್ಲ. ನೀವು ಕಟ್ಟಿದ್ದು ಪೂರ್ತಿ ಬಿಳಿಯ ಮೇಲೆ ಬಿಳಿ. ಉಪ್ಪು ಹುಡುಕಿದರೆ ಅವರ ಕೈಗೆ ಸೋಪಿನ ಪುಡಿ ಸಿಗುತ್ತಿತ್ತು. ಒಂದು ದಿನ ಕುದಿಯುವ ಪಾತ್ರೆಗೆ ಅದೇ ಬಿದ್ದು ಒಲೆಯ ತುಂಬ ನೊರೆ ಉಕ್ಕಿತು. ನಾನು ನಗುತ್ತಾ ಒರೆಸಿದೆ. ಅವರು ನಗಲಿಲ್ಲ. ನನ್ನ ಬುದ್ಧಿ ಕೆಟ್ಟುಹೋಯ್ತು, ಇನ್ನು ನಾನು ಅಡುಗೆಮನೆಗೆ ಕಾಲಿಡಲ್ಲ ಅಂದರು. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದಾಗ ಒಂದು ಸೀಟಿಗೆ ಇಡೀ ಮೈದಾನವನ್ನು ನಿಲ್ಲಿಸುತ್ತಿದ್ದ ಹೆಂಗಸು ಒಂದು ಚಮಚ ಸೋಪಿನ ಪುಡಿಗೆ ಸೋತು ಕೂತರು.

ನಾನು ಏನು ಕೆಲಸ ಮಾಡುತ್ತೇನೆ ಎಂದು ನೀವು ಮರೆತಿದ್ದರೆ ನೆನಪಿಸುತ್ತೇನೆ. ಮಿಕ್ಸಿ ಕಂಪನಿಯ ದೂರು ವಿಭಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಫೋನೆತ್ತುತ್ತೇನೆ. ಫೋನು ಮಾಡುವವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಹೇಳುವುದು ಒಂದೇ ಮಾತು, ನಾನೇ ಏನೋ ತಪ್ಪು ಮಾಡಿರ್ಬೇಕು ಮೇಡಂ. ಮುಚ್ಚಳ ಸರಿಯಾಗಿ ಕೂರುವುದಿಲ್ಲ, ತಪ್ಪು ಅವರದು. ಒದ್ದೆ ಕೈಗೆ ಗುಂಡಿ ಜಾರುತ್ತದೆ, ತಪ್ಪು ಅವರದು. ಮುಚ್ಚಳ ಮಾಡಿದವನೇ ತಪ್ಪು ಮಾಡಿರಬಹುದು ಎಂದು ಒಬ್ಬರಿಗೂ ಹೊಳೆಯುವುದಿಲ್ಲ. ನಾನು ಎಷ್ಟು ಸಲ ಹೇಳಿದರೂ ನಂಬುವುದಿಲ್ಲ. ಆ ದಿನ ನನ್ನ ಮನೆಯಲ್ಲೇ ಅದೇ ಮಾತು ಕೇಳಿ ಮೈಯೆಲ್ಲ ಉರಿಯಿತು. ಅತ್ತೆ, ನಿಮ್ಮ ಬುದ್ಧಿ ನೆಟ್ಟಗಿದೆ, ನಿಮ್ಮ ಮಗನ ಬಾಗಿಲು ನೆಟ್ಟಗಿಲ್ಲ ಅಂತ ಅಂದೆ.

ಮಾರನೆಯ ದಿನವೇ ಗುಜರಿ ಅಂಗಡಿಗೆ ಹೋದೆವು, ಇಬ್ಬರೂ. ಅತ್ತೆ ಪ್ರತಿಯೊಂದನ್ನೂ ಮುಟ್ಟಿ ಆರಿಸಿದರು. ಉಪ್ಪು, ಸಕ್ಕರೆಯ ಕಪಾಟಿಗೆ ಹಳೆಯ ನಲ್ಲಿಯ ತಿರುಪು ಬಂತು. ಲೋಟಗಳ ಕಪಾಟಿಗೆ ನುಣುಪಾದ ಮರದ ಗುಂಡು. ಸೋಪಿನ ಪುಡಿಯ ಕಪಾಟಿಗೆ ಬೇಕೆಂದೇ ಒರಟು ಕಬ್ಬಿಣದ ಕೊಂಡಿ, ಮುಟ್ಟಿದ ಕೈ ತಾನಾಗಿ ಹಿಂದೆ ಬರಬೇಕು. ಅಂಗಡಿಯವನು ಒಂದೇ ತರಹದ್ದು ಪೂರ್ತಿ ಸೆಟ್ ಇದೆ, ಕೊಡ್ಲಾ ಅಂತ ಕೇಳಿದ. ಒಂದೇ ತರಹ ಇರೋದೇ ನಮ್ಮ ರೋಗ ಕಣಪ್ಪ ಅಂದರು ಅತ್ತೆ. ನೀವು ಅದನ್ನು ನೋಡಿ ಇದು ಮನೆಯಾ ಗುಜರಿಯಾ ಎಂದು ಕೂಗಾಡಿದಿರಿ. ಅವತ್ತು ಸಂಜೆ ಅತ್ತೆ ತಾವೇ ಕಾಫಿ ಮಾಡಿ ನಿಮಗೆ ತಂದುಕೊಟ್ಟದ್ದನ್ನು ನೀವು ಗಮನಿಸಲೇ ಇಲ್ಲ. ಬಿಳಿ ಲೋಟದಲ್ಲಿ ಕಾಫಿ, ಕಪ್ಪು ಲೋಟದಲ್ಲಿ ಹಾಲು, ಹಾಗೆ ಮಾಡಿದರೆ ಎಲ್ಲಿಯವರೆಗೆ ತುಂಬಿದೆ ಎಂದು ಅವರಿಗೆ ಕಾಣುತ್ತದೆ. ಒಲೆಯ ಗುಂಡಿಗೆ ಉಗುರಿನ ಬಣ್ಣದ ಹನಿ ಇಟ್ಟು ಒಣಗಿಸಿದ್ದೇನೆ, ಉಬ್ಬು ಮೇಲಕ್ಕಿದ್ದರೆ ಒಲೆ ಆರಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ. ಆ ಬಣ್ಣ ನಿಮ್ಮ ತಂಗಿ ನನಗೆ ಕೊಟ್ಟ ಉಡುಗೊರೆ. ಉಗುರಿಗೆ ಒಂದು ದಿನವೂ ಹಚ್ಚಿರಲಿಲ್ಲ.

ಎಲ್ಲವೂ ಮೊದಲ ಏಟಿಗೇ ಸರಿಹೋಯಿತು ಎಂದು ಜಂಬ ಕೊಚ್ಚುವುದಿಲ್ಲ. ಇಳಿಜಾರು ಮಾಡಿಸುವ ಮೊದಲು ಹಜಾರದ ಮೆಟ್ಟಿಲಿನ ಅಂಚಿಗೆ ಹಳದಿ-ಕಪ್ಪು ಪಟ್ಟಿ ಅಂಟಿಸಿದ್ದೆ. ಅದು ಸರಿಹೋಯಿತೆಂದು ಉತ್ಸಾಹ ಬಂದು ಬಾಗಿಲಿಗೆ, ಮೇಜಿಗೆ, ಬಚ್ಚಲಿಗೆ, ಕಂಡಲ್ಲೆಲ್ಲ ಅಂಟಿಸಿದೆ. ಅತ್ತೆಗೆ ಎಲ್ಲಿ ನೋಡಿದರೂ ಹಳದಿಯೇ ಕಂಡು ತಲೆ ಸುತ್ತಿತು. ಇದೇನು ಮನೆಯಾ, ರಸ್ತೆ ರಿಪೇರಿನಾ ಎಂದು ಬೈದರು. ಬಚ್ಚಲ ಬಾಗಿಲಿಗೆ ಗಂಟೆ ಕಟ್ಟಿದೆ, ಗಾಳಿ ಬೀಸಿದಾಗಲೆಲ್ಲ ಅದು ಹೊಡೆದುಕೊಂಡು ಇಬ್ಬರಿಗೂ ಹುಚ್ಚು ಹಿಡಿಯುವುದೊಂದು ಬಾಕಿ. ಉದ್ದ ಗೋಡೆಗೆ ಮೊದಲು ಕಟ್ಟಿದ್ದು ಹಗ್ಗ. ಅತ್ತೆ ಹಿಡಿದು ವಾಲಿದರು, ಹಗ್ಗ ಜೋತುಬಿತ್ತು, ಇಬ್ಬರೂ ಗೋಡೆಗೆ ಒರಗಿ ನಿಂತೆವು. ಬಟ್ಟೆ ಒಣಹಾಕೋಕೆ ಚೆನ್ನಾಗಿದೆ, ನನ್ನ ಒಣಹಾಕಬೇಡ ಅಂದರು. ಆಮೇಲೆ ಕಂಬಿ ಹಾಕಿಸಲು ಬಡಗಿಯನ್ನು ಕರೆಸಿದೆ.

ಬಡಗಿ ಬಂದವನು ಗೋಡೆಗೆ ಕೈ ಇಡಲಿಲ್ಲ. ಸಾಹೇಬ್ರು ಈ ಗೋಡೆಗೆ ಒಂದು ಕ್ಯಾಲೆಂಡರ್ ಹಾಕೋಕೂ ಬಿಟ್ಟಿಲ್ಲ, ನನ್ನ ಕೈಲಿ ಆಗಲ್ಲಮ್ಮಾ ಎಂದು ಡ್ರಿಲ್ಲನ್ನು ಚೀಲದಿಂದ ತೆಗೆಯಲೇ ಇಲ್ಲ. ಗೋಡೆ ಉಸಿರಾಡಬೇಕು ಎಂದು ನೀವು ಅವನಿಗೂ ಪಾಠ ಹೇಳಿದ್ದಿರಿ. ಗೋಡೆಯ ಉಸಿರಾಟಕ್ಕೋಸ್ಕರ ನಾವು ಎಷ್ಟು ವರ್ಷ ಉಸಿರು ಬಿಗಿಹಿಡಿದುಕೊಂಡಿದ್ದೆವು ಎಂದು ಅವನಿಗೇನು ಗೊತ್ತು! ಕೊನೆಗೆ ಡ್ರಿಲ್ಲನ್ನು ನಾನೇ ಕೈಗೆ ತೆಗೆದುಕೊಂಡೆ. ಮೊದಲ ತೂತು ವಕ್ರವಾಯಿತು. ಎರಡನೆಯದು ಸುಮಾರಾಗಿ ಬಂತು. ಬಿಳಿ ಪುಡಿ ನನ್ನ ತಲೆ ಮೇಲೆಲ್ಲ ಸುರಿಯುತ್ತಿತ್ತು, ನನಗೆ ಎಂಥ ಖುಷಿಯಾಯಿತು ಅಂತೀರಿ! ಆ ಖುಷಿಯನ್ನು ನಿಮ್ಮಿಂದ ಮುಚ್ಚಿಡುವ ಉದ್ದೇಶ ನನಗಿಲ್ಲ. ಬಡಗಿಗೆ ನೋಡಲಾಗಲಿಲ್ಲ, ಇತ್ಲಾಗೆ ಕೊಡಿ ಅಂತ ಡ್ರಿಲ್ ಕಿತ್ತುಕೊಂಡು ಉಳಿದದ್ದನ್ನು ಅವನೇ ಮುಗಿಸಿದ. ಕಂಬಿ ಅಡುಗೆಮನೆಯ ಹತ್ತಿರ ಬಂದಲ್ಲಿ ಒಂದು ಸುತ್ತು ದಾರ ಸುತ್ತಿದ್ದೇವೆ, ಬಚ್ಚಲಿನ ಹತ್ತಿರ ಬಂದಲ್ಲಿ ರಬ್ಬರು. ಅತ್ತೆ ಯಾರನ್ನೂ ಕೇಳದೆ ಓಡಾಡುತ್ತಾರೆ.

ನಾನಿರಬೇಕು, ಇಲ್ಲ ಆ ಕಂಬಿ ಇರಬೇಕು ಅಂದಿರಿ. ಕಂಬಿ ಇದೆ.

ನೀವು ಅಂದುಕೊಂಡಿರುವ ಹಾಗೆ ನಾನು ನಿಮ್ಮ ಕೆಲಸದ ಶತ್ರುವಲ್ಲ. ನಾವು ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ಆ ಒಂಟಿ ಕೋಣೆಯಲ್ಲಿ ದೀಪದ ಗುಂಡಿ ಬಾಗಿಲ ಪಕ್ಕ ಇತ್ತು, ಮಂಚ ಇನ್ನೊಂದು ಮೂಲೆಯಲ್ಲಿತ್ತು. ನನಗೆ ಜ್ವರ ಬಂದು ಮಲಗಿದ್ದಾಗ ನೀವು ಗುಂಡಿಗೆ ದಾರ ಕಟ್ಟಿ, ಕಿಟಕಿಯ ಸರಳಿನ ಮೇಲಿಂದ ಎಳೆದು ತಂದು ನನ್ನ ದಿಂಬಿನ ಹತ್ತಿರ ಬಿಟ್ಟಿರಿ. ಎಳೆದರೆ ದೀಪ ಆರುತ್ತಿತ್ತು. ಹೊತ್ತಿಸಲು ಏನು ಮಾಡುವುದು ಎಂದು ಹೊಳೆಯದೆ ಒಂದು ಇಡೀ ಭಾನುವಾರ ಅದರ ಹಿಂದೆ ಬಿದ್ದು, ಇನ್ನೊಂದು ದಾರ ಕಟ್ಟಿದಿರಿ. ನೋಡೋಕೆ ಜೇಡರಬಲೆ ಹಾಗಿದೆ ಅಂದಿದ್ದಕ್ಕೆ, ನೋಡೋಕಲ್ಲ ಕಣೆ, ನೀನು ಏಳಬಾರದು ಅಂತ ಅಂದಿರಿ. ನಾನು ನಿಮ್ಮನ್ನು ಪ್ರೀತಿಸಿದ್ದು ಅದಕ್ಕೆ. ಆಮೇಲೆ ನೀವು ದೊಡ್ಡವರಾದಿರಿ, ದಾರ ಕಟ್ಟುವುದು ನಿಮಗೆ ನಾಚಿಕೆಯಾಯಿತು. ನನಗೆ ಆಗುವುದಿಲ್ಲ. ಈ ಮನೆಯಲ್ಲಿ ನಾನು ಮಾಡಿದ್ದೆಲ್ಲ ಆ ಕೋಣೆಯಲ್ಲಿ ನಿಮ್ಮಿಂದ ಕಲಿತದ್ದೇ.

ಇನ್ನು ತೀರ್ಪುಗಾರರ ವಿಷಯ. ಧಾರಾಳವಾಗಿ ಬರಲಿ. ಮನೆ ಹೀಗೇ ಇರುತ್ತದೆ, ಹಿಡಿಕೆ ಸಮೇತ, ಕಂಬಿ ಸಮೇತ, ನನ್ನ ವಕ್ರ ತೂತಿನ ಸಮೇತ. ಬಾಗಿಲು ತೆಗೆಯುವವರು ಅತ್ತೆ. ಮನೆಯನ್ನು ಅವರೇ ತೋರಿಸುತ್ತಾರಂತೆ. ಬಂದವರನ್ನ ಸಾಲಾಗಿ ನಿಲ್ಲಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಹಜಾರದಿಂದ ಬಚ್ಚಲಿಗೆ ಹೋಗಿ ಬನ್ನಿ ಅಂತೀನಿ, ಹಳೆ ಸೀಟಿ ಎಲ್ಲಿದೆ ಹುಡುಕು ಅಂದರು. ತಮಾಷೆಗೆ ಅಂದರೋ ನಿಜವಾಗಿ ಅಂದರೋ ನನಗೆ ತಿಳಿಯಲಿಲ್ಲ, ಸೀಟಿಯಂತೂ ಸಿಕ್ಕಿದೆ. ಇದು ಬೇಡ ಎನಿಸಿದರೆ ಸ್ಪರ್ಧೆಯಿಂದ ಮನೆಯನ್ನು ಹಿಂದೆಗೆದುಕೊಳ್ಳಿ. ಅದು ನಿಮ್ಮ ಇಷ್ಟ. ಬಡಗಿಗೆ ಮಾತ್ರ ಫೋನು ಮಾಡಿ ಕಂಬಿ ಕೀಳಲು ಹೇಳಬೇಡಿ. ಅವನೀಗ ನಮ್ಮ ಕಡೆ, ನಿನ್ನೆ ತಾನೇ ಅವನ ಅಮ್ಮನ ಬಚ್ಚಲಿಗೂ ಒಂದು ಕಂಬಿ ಹಾಕಿದನಂತೆ.

ಕೆಲಸದ ಗಡಿಬಿಡಿಯಲ್ಲಿ ಊಟ ಬಿಡಬೇಡಿ. ನಿಮ್ಮ ಮೇಲೆ ಸಿಟ್ಟಿದೆ, ಆದರೆ ನಿಮ್ಮ ಹೊಟ್ಟೆಯ ಮೇಲಿಲ್ಲ.

ಇಂತಿ,
ನಿಮ್ಮ ಗೋಡೆಗೆ ಮೊದಲ ತೂತು ಕೊರೆದವಳು,
ಇನ್ನೂ ನಿಮ್ಮ ಹೆಂಡತಿ

ತಾ.ಕ.: ಅತ್ತೆ ಹೇಗೆ ಬಿದ್ದರು ಎಂದು ಪತ್ರದಲ್ಲಿ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಪತ್ರ ಮುಗಿಯಿತು, ಸಹಿಯೂ ಆಯಿತು. ಈಗ ಬರೆಯುತ್ತೇನೆ.

ನೀವು ಮಾಡಿದ ಮೂರು ಕಾಲಿನ ಸ್ಟೂಲನ್ನು ನಾವು ಹಜಾರದ ಮೂಲೆಯಲ್ಲಿ ಗೋಡೆಗೆ ಒತ್ತಿ, ಓರೆಯಾಗಿ ಇಟ್ಟಿರುತ್ತೇವೆ. ನಡುವೆ ಏನೂ ಇರಬಾರದು ಎನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಅವತ್ತು ನಾನು ಕೆಲಸದಿಂದ ಬಂದಾಗ ಅತ್ತೆ ನೆಲದ ಮೇಲೆ ಕೈ ಹಿಡಿದುಕೊಂಡು ಕೂತಿದ್ದರು. ಸ್ಟೂಲು ಹಜಾರದ ನಟ್ಟನಡುವೆ, ಮೇಲಿನ ಗಾಜಿನಿಂದ ಬೆಳಕು ಬೀಳುವ ಜಾಗದಲ್ಲಿ ಮಗುಚಿಕೊಂಡಿತ್ತು. ನೀವು ತೆಗೆದ ಈ ಮನೆಯ ಫೋಟೋಗಳಲ್ಲೆಲ್ಲ ಅದು ಇರುವುದು ಅಲ್ಲೇ. ಯಾರು ಬಂದಿದ್ದರು ಎಂದು ಕೇಳಿದೆ. ಮೀಟರ್ ಓದುವವನು ಅಂದರು. ನಮ್ಮ ಮೀಟರು ಗೇಟಿನ ಹೊರಗಿದೆ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ನಿಜ ಹೇಳಿದರು. ಬಾಗಿಲು ಕೀಲಿಕೈಯಿಂದ ತೆರೆಯಿತಂತೆ. ಕೋಣೆಯಿಂದಲೇ ಯಾರು ಎಂದು ಕೇಳಿದರಂತೆ. ಉತ್ತರ ಬರಲಿಲ್ಲ. ಆಮೇಲೆ ಕಂಬಿಯ ಹತ್ತಿರ ಯಾರೋ ಚ್ಚ್ ಎಂದು ಲೊಚಗುಟ್ಟಿದ್ದು ಕೇಳಿಸಿತಂತೆ. ಓರೆಯಾಗಿರೋದನ್ನ ಕಂಡ್ರೆ ಅವನು ಚಿಕ್ಕವನಿದ್ದಾಗಿಂದ ಹಾಗೇ ಅಂತಾನೆ ಕಣೆ, ನನಗೆ ಗೊತ್ತಾಗಲ್ವಾ ಅಂದರು. ನೀವು ಸ್ಟೂಲನ್ನು ಎಳೆಯಲಿಲ್ಲ, ಎತ್ತಿ ಇಟ್ಟಿರಿ, ಆದ್ದರಿಂದ ಅದರ ಸದ್ದು ಅವರಿಗೆ ಕೇಳಲಿಲ್ಲ. ಫೋಟೋ ತೆಗೆದುಕೊಂಡು ಹೊರಟಿರಿ. ಅವನಿಗೆ ತಿಳಿದರೆ ನೊಂದುಕೊಳ್ತಾನೆ, ಬರೆಯಬೇಡ ಎಂದು ನನ್ನ ಕೈ ಹಿಡಿದು ಹೇಳಿದರು. ನೊಂದುಕೊಳ್ಳಲಿ ಎಂದೇ ಬರೆಯುತ್ತಿದ್ದೇನೆ.

ನಿಮ್ಮ ಅಮ್ಮ ಕಣ್ಣು ಕಾಣದೆ ಬಿದ್ದದ್ದಲ್ಲ. ಬಾಗಿಲು ಹಾಕಿದ ಸದ್ದು ಕೇಳಿ, ಮಗ ಮಾತಾಡಿಸದೆ ಹೋಗ್ತಿದ್ದಾನೆ, ನಿಲ್ಲಿಸೋಣ ಎಂದು ಕಂಬಿ ಬಿಟ್ಟು ಓಡಿದರು. ನಡುವೆ ಏನೂ ಇರುವುದಿಲ್ಲ ಎನ್ನುವ ಧೈರ್ಯದಿಂದ ಓಡಿದರು. ಇನ್ನೊಮ್ಮೆ ಬಂದಾಗ, ಅವರು ಯಾರು ಎಂದು ಕೇಳಿದರೆ, ಬಾಯಿಬಿಟ್ಟು ಹೇಳಿ.